ಪುಟ್ಟ ಮಗುವಿನ ಜೊತೆ ಮಂಗಳೂರಲ್ಲಿ ಒಂದು ದಿನ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಮಂಗಳೂರಲ್ಲಿ. ರಜೆ ಬಂತು ಅಂದರೆ ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯ ನೆಂಟರು, ಗೆಳತಿಯರು ಮಕ್ಕಳನ್ನು ಎತ್ತಿಕೊಂಡು ಬರುತ್ತಾರೆ. ಒಂದೂವರೆ ವರ್ಷದ್ದು, ಎರಡು ವರ್ಷದ್ದು, ಈಗಷ್ಟೇ ಮೂರಕ್ಕೆ ಬಿದ್ದದ್ದು. ಹೊರಡುವ ಮೊದಲು ಫೋನ್ ಮಾಡಿ ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು. ನನ್ನ ಮಗಳಿಗೀಗ ನಾಲ್ಕು. ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಊರು ಸುತ್ತಿದಾಗ ಗೊತ್ತಾದದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ.

ಒಂದೇ ದಿನದಲ್ಲಿ ಊರೆಲ್ಲಾ ನೋಡಬಹುದಾ?

ಇಲ್ಲ. ಆ ಆಸೆಯನ್ನು ಮನೆಯಲ್ಲೇ ಬಿಟ್ಟು ಬನ್ನಿ. ಬೆಳಿಗ್ಗೆ ಒಂದು ಜಾಗ, ಮಧ್ಯಾಹ್ನ ನಿದ್ದೆ, ಸಂಜೆ ಕೋಟೆ ಮತ್ತು ಕಡಲು. ಇಷ್ಟು ಸಾಕು. ನಾಲ್ಕನೇ ಜಾಗ ಸೇರಿಸಿದರೆ ಆ ಮೂರೂ ಹಾಳಾಗುತ್ತವೆ. ನಮ್ಮ ಚಿಕ್ಕಮ್ಮನ ಮಗಳು ಮೊದಲ ಸಲ ಬಂದಾಗ ಎಂಟು ಜಾಗದ ಪಟ್ಟಿ ತಂದಿದ್ದಳು, ಎರಡು ದೇವಸ್ಥಾನ ಮುಗಿಯುವಷ್ಟರಲ್ಲಿ ಮಗು ಆಟೋದಲ್ಲೇ ಅತ್ತು ಅತ್ತು ಮಲಗಿತು, ಉಳಿದ ದಿನವೆಲ್ಲಾ ಅದನ್ನು ಸಮಾಧಾನ ಮಾಡುವುದರಲ್ಲೇ ಹೋಯಿತು. ಮುಂದಿನ ವರ್ಷ ಬಂದಾಗ ಬರೀ ಬಾವುಟಗುಡ್ಡ, ಆಮೇಲೆ ಕಡಲು. ಆ ದಿನವನ್ನು ಅವಳು ಈಗಲೂ ನೆನೆಸಿಕೊಳ್ಳುತ್ತಾಳೆ.

ಯಾವ ತಿಂಗಳು ಒಳ್ಳೇದು?

ನವೆಂಬರ್‌ನಿಂದ ಫೆಬ್ರವರಿ. ಮಾರ್ಚ್ ನಡೆಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ದಯವಿಟ್ಟು ಬೇಡ, ಬೇರೆ ದಾರಿ ಇದ್ದರೆ. ಘಟ್ಟದ ಮೇಲಿನವರು ಬಿಸಿಲು ಅಂದುಕೊಂಡು ಬರುತ್ತಾರೆ, ಇಲ್ಲಿರುವುದು ಸೆಕೆ. ಅದು ಬೇರೆಯೇ. ನೆರಳಲ್ಲಿ ಸುಮ್ನೆ ಕೂತರೂ ಬೆವರು ಇಳಿಯುತ್ತದೆ, ಬೆವರು ಆರುವುದಿಲ್ಲ, ಮಗುವಿನ ಕುತ್ತಿಗೆ ಮಡಿಕೆಯಲ್ಲಿ ಮಧ್ಯಾಹ್ನದೊಳಗೆ ಬೆವರುಸಾಲೆ ಎದ್ದಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಮಳೆಗಾಲದ ಬಗ್ಗೆ ಕೆಳಗೆ ಬೇರೆಯಾಗಿ ಹೇಳಿದ್ದೇನೆ.

ಬರುವುದು ಹೇಗೆ? ಘಾಟಿಯಲ್ಲಿ ವಾಂತಿ ಮಾಡಿಕೊಂಡರೆ?

ಬೆಂಗಳೂರಿನಿಂದ ಸುಮಾರು 350 ಕಿಲೋಮೀಟರ್. ಹಗಲಿನ ರೈಲು ಸಿಕ್ಕಿದರೆ ಅದೇ ಬೆಸ್ಟ್. ಸಕಲೇಶಪುರ ದಾಟಿ ಸುಬ್ರಹ್ಮಣ್ಯ ರೋಡ್‌ವರೆಗಿನ ದಾರಿಯಲ್ಲಿ 57 ಸುರಂಗಗಳಿವೆ. ಕತ್ತಲಾಯ್ತು, ಬೆಳಕಾಯ್ತು, ಮತ್ತೆ ಕತ್ತಲಾಯ್ತು. ಎರಡು ವರ್ಷದ ಮಗುವಿಗೆ ಇದಕ್ಕಿಂತ ಒಳ್ಳೆಯ ಆಟ ಇಲ್ಲ. ಐದು ವರ್ಷದೊಳಗಿನ ಮಕ್ಕಳಿಗೆ ಬೇರೆ ಬರ್ತ್ ಬೇಡ ಅಂದರೆ ರೈಲಿನಲ್ಲಿ ಟಿಕೆಟ್ ಇಲ್ಲ. ಆದರೆ ರಾತ್ರಿ ಪ್ರಯಾಣವಾದರೆ ಕೆಳಗಿನ ಬರ್ತ್ ಸಿಗುವ ಹಾಗೆ ನೋಡಿಕೊಳ್ಳಿ.

ಶಿರಾಡಿ ಘಾಟಿಯಲ್ಲಿ ಕಾರಲ್ಲಿ ಬರುವವರಿಗೆ: ಎರಡು ವರ್ಷದೊಳಗಿನ ಮಕ್ಕಳಿಗೆ ತಲೆಸುತ್ತು ವಾಂತಿ ಕಡಿಮೆ, ಎರಡು ದಾಟಿದ ಮೇಲೆ ಅದು ಶುರುವಾಗುವುದು. ಸಕಲೇಶಪುರದಲ್ಲಿ ಹೊಟ್ಟೆ ತುಂಬಾ ತಿನ್ನಿಸಬೇಡಿ, ಖಾಲಿ ಹೊಟ್ಟೆಯಲ್ಲೂ ಇಳಿಸಬೇಡಿ. ಎರಡು ಇಡ್ಲಿ, ಸ್ವಲ್ಪ ನೀರು. ಫೋನ್ ಕೊಡಬೇಡಿ, ಕಿಟಕಿಯಾಚೆ ತೋರಿಸಿ.

ಉಳಿದುಕೊಳ್ಳುವುದು ಎಲ್ಲಿ? ಒಂದೇ ದಿನಕ್ಕೆ ರೂಮು ಬೇಕಾ?

ಬೇಕೇ ಬೇಕು. ಇದರಲ್ಲಿ ಮಾತ್ರ ದುಡ್ಡು ಉಳಿಸಲು ಹೋಗಬೇಡಿ. ಒಂದರಿಂದ ಎರಡು ವರ್ಷದ ಮಗುವಿಗೆ ಹಗಲು ನಿದ್ದೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು. ಆ ಹಗಲು ನಿದ್ದೆ ಫ್ಯಾನಿನ ಕೆಳಗೆ, ಹಾಸಿಗೆಯ ಮೇಲೆ ಆದರೆ ಸಂಜೆ ನಿಮ್ಮದು. ಆಗದಿದ್ದರೆ ಸಂಜೆ ಯಾರದ್ದೂ ಅಲ್ಲ.

ಇನ್ನೊಂದು ಮಾತು. ನನ್ನ ಗೆಳತಿಯೊಬ್ಬಳಿಗೆ ಬೆಳಿಗ್ಗೆ ಎಂಟಕ್ಕೇ ರೂಮು ಕೊಡುತ್ತೇವೆ ಅಂತ ಫೋನಲ್ಲಿ ಹೇಳಿದ್ದರು. ಬಂದ ಮೇಲೆ ಹನ್ನೆರಡರವರೆಗೆ ಕಾಯಿರಿ ಅಂದರು. ಮಗು ಲಾಬಿಯ ಎರಡು ಕುರ್ಚಿ ಜೋಡಿಸಿ ಹಾಸಿದ ಶಾಲಿನ ಮೇಲೆ ಮಲಗಿತು. ಅದಕ್ಕೇ ಹೇಳುವುದು, ರಾತ್ರಿ ರೈಲಿನಲ್ಲಿ ಬಂದು ಬೆಳಗ್ಗೆ ಇಳಿಯುವವರು ಹಿಂದಿನ ರಾತ್ರಿಯಿಂದಲೇ ರೂಮು ಹಿಡಿಯಿರಿ, ಇಲ್ಲಾ ಬೇಗ ಕೊಡುತ್ತೇವೆ ಅನ್ನುವುದನ್ನು ಬರಹದಲ್ಲಿ ತರಿಸಿಕೊಳ್ಳಿ. ಹಂಪನಕಟ್ಟೆ, ಬಲ್ಮಠ, ಕದ್ರಿ ಸುತ್ತಮುತ್ತ ಇದ್ದರೆ ಎಲ್ಲಾ ಹತ್ತಿರ.

ಬೆಳಿಗ್ಗೆ ಎಲ್ಲಿಗೆ ಹೋಗೋಣ?

ನಾನು ಹೇಳುವುದು ಬಾವುಟಗುಡ್ಡ. ಅಲ್ಲಿ ಹಳೇ ದೀಪಸ್ತಂಭ ಇದೆ, ಪಕ್ಕದಲ್ಲೇ ಟಾಗೋರ್ ಪಾರ್ಕ್, ಎದುರಿಗೆ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್, ಅಂದರೆ ಕ್ರೈಸ್ತರ ಪ್ರಾರ್ಥನಾ ಮಂದಿರ. ಮೂರೂ ಕಾಲ್ನಡಿಗೆಯಲ್ಲೇ ಆಗುತ್ತದೆ. ಮೊದಲು ಪಾರ್ಕಲ್ಲಿ ಓಡಾಡಲು ಬಿಡಿ, ಕಾಲಿನ ಚಡಪಡಿಕೆ ತೀರಲಿ. ಆಮೇಲೆ ಚಾಪೆಲ್.

ದೇವಸ್ಥಾನವೇ ಬೇಕು ಅನ್ನುವವರು ಕದ್ರಿ ಮಂಜುನಾಥನ ಸನ್ನಿಧಿಗೆ ಬೆಳಿಗ್ಗೆ ಬೇಗ ಹೋಗಿ. ಅಲ್ಲಿರುವ ಲೋಕೇಶ್ವರನ ಕಂಚಿನ ಮೂರ್ತಿ ಕ್ರಿಸ್ತಶಕ 968ರದ್ದು, ಆಳುಪ ದೊರೆ ಕುಂದವರ್ಮನ ಕಾಲದ್ದು. ಮೂರು ಮುಖ, ಆರು ಕೈ. ನನ್ನ ಮಗಳು ಆ ಕೈಗಳನ್ನು ಒಂದು, ಎರಡು, ಐದು ಅಂತ ಎಣಿಸಿದ್ದಳು. ಸಾವಿರ ವರ್ಷ ದಾಟಿದ ಮೂರ್ತಿಯ ಮುಂದೆ ಅದೇ ಅವಳ ಪ್ರಾರ್ಥನೆ ಅಂತ ನನಗೆ ಅನ್ನಿಸಿತು. ಆದರೆ ಹಿಂದೆ ಕೆರೆಗಳಿವೆ, ಮೆಟ್ಟಿಲು ಒದ್ದೆ. ಅಲ್ಲಿ ಮಗುವಿನ ಕೈ ಬಿಡುವ ಹಾಗಿಲ್ಲ, ಒಂದು ನಿಮಿಷಕ್ಕೂ.

ಚಾಪೆಲ್ ಒಳಗೆ ಮಗು ಕಿರುಚಿದರೆ?

ಎತ್ತಿಕೊಂಡು ಹೊರಗೆ ಬನ್ನಿ, ಅಷ್ಟೆ. ಯಾರೂ ಬೈಯುವುದಿಲ್ಲ. ಬಲಿಪೂಜೆಯ (ಚರ್ಚಿನ ಮಾಸ್) ಹೊತ್ತು ಬಿಟ್ಟು ಹೋಗಿ. ಫೋನ್ ಬ್ಯಾಗಲ್ಲೇ ಇರಲಿ, ಒಳಗೆ ಫೋಟೋ ತೆಗೆಯುವ ಹಾಗಿಲ್ಲ.

ಒಂದು ಉಪಾಯ ಹೇಳುತ್ತೇನೆ. ಅಂತೋನಿಯೋ ಮೊಸ್ಕೇನಿ ಅನ್ನುವ ಇಟಲಿಯ ಜೆಸ್ಯುಯಿಟ್ ಬ್ರದರ್ 1899ರಲ್ಲಿ ಬಂದು ಈ ಚಾಪೆಲ್ಲಿನ ಗೋಡೆ, ಚಾವಣಿ ಎಲ್ಲಾ ಚಿತ್ರ ಬಿಡಿಸಿದರು. ಗೋಡೆಯವು ಹಸಿ ಗಾರೆಯ ಮೇಲೆ ಬಿಡಿಸಿದ್ದು, ಮೇಲಿನವು ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣ. ನಿಂತ ಮಗುವಿಗೆ ಇದ್ಯಾವುದೂ ಕಾಣುವುದಿಲ್ಲ, ಅದಕ್ಕೆ ಕಾಣುವುದು ಬೆಂಚಿನ ಕಾಲುಗಳು. ಹಾಗಾಗಿ ಬೆಂಚಿನಲ್ಲಿ ಕೂತು ಮಗುವನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಳ್ಳಿ. ನಮ್ಮವರು ಮಗಳನ್ನು ಹಾಗೆ ಮಲಗಿಸಿಕೊಂಡಿದ್ದರು. ಅವಳು ಬೆರಳು ಚೀಪುವುದನ್ನು ನಿಲ್ಲಿಸಿ ಮೇಲೆ ನೋಡಿದಳು, ನೋಡುತ್ತಲೇ ಇದ್ದಳು, ಆಮೇಲೆ ಮೆಲ್ಲಗೆ 'ತುಂಬಾ ಜನ' ಅಂದಳು. ಹತ್ತು ನಿಮಿಷ ಅವಳು ಒಂದೇ ಕಡೆ ಇದ್ದದ್ದು ಅದೇ ಮೊದಲು.

ಮಗುವಿಗೆ ಇತಿಹಾಸ ಅರ್ಥವಾಗಲ್ಲ, ಹಳೇ ಜಾಗಕ್ಕೆ ಯಾಕೆ ಹೋಗಬೇಕು?

ಇದನ್ನು ಬಹಳ ಜನ ಕೇಳುತ್ತಾರೆ. ಇಸವಿ ಅರ್ಥವಾಗಲ್ಲ, ನಿಜ. ಆದರೆ ಕೈಗೆ ಸಿಕ್ಕಿದ್ದು ಅರ್ಥವಾಗುತ್ತದೆ. ಕಲ್ಲು ತಣ್ಣಗಿದೆ, ಕಂಡಿ ದುಂಡಗಿದೆ, ಕೂಗಿದರೆ ತಿರುಗಿ ಕೂಗು ಬರುತ್ತದೆ. ಹಳೇ ಊರಿನಲ್ಲಿ ಮುಟ್ಟಬಹುದಾದ ವಸ್ತು ಜಾಸ್ತಿ, ಅದಕ್ಕೇ ಹೊಸ ಮಾಲ್‌ಗಿಂತ ಹಳೇ ಊರು ಈ ವಯಸ್ಸಿಗೆ ಒಳ್ಳೆಯದು ಅಂತ ನಾನು ಹೇಳುವುದು.

ಹೆಂಚನ್ನೇ ತಗೊಳ್ಳಿ. ಬಾಸೆಲ್ ಮಿಶನ್ ಅನ್ನುವ ಕ್ರೈಸ್ತ ಸಂಸ್ಥೆಯವರು ಸ್ವಿಟ್ಜರ್ಲೆಂಡಿನಿಂದ 1834ರಲ್ಲಿ ಇಲ್ಲಿಗೆ ಬಂದರು. 1843ರಲ್ಲಿ ಇದೇ ಊರಿನಿಂದ ಹೆರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಹೊರತಂದರು, ಕನ್ನಡದ ಮೊದಲ ಪತ್ರಿಕೆ. 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುವಾಯಿತು, ನದಿ ದಡದ ಜೇಡಿಮಣ್ಣಿನಿಂದ. ಆ ಕೆಂಪು ಹೆಂಚು ಈಗಲೂ ಹಳೇ ಮನೆಗಳ ಮೇಲಿದೆ. ನಮ್ಮ ಅಂಗಳದ ಮೂಲೆಯಲ್ಲಿ ಇಳಿಸಿಟ್ಟ ನಾಲ್ಕು ಹೆಂಚುಗಳಿವೆ. ಬೆನ್ನ ಮೇಲೆ ಕಾರ್ಖಾನೆಯ ಹೆಸರು ಉಬ್ಬಕ್ಷರದಲ್ಲಿ ಒತ್ತಿದೆ. ಮಗಳು ಆ ಅಕ್ಷರಗಳ ಮೇಲೆ ಬೆರಳು ಓಡಿಸುತ್ತಾಳೆ, ಬೆರಳ ತುದಿ ಕೆಂಪಾಗುತ್ತದೆ, ಅದನ್ನು ಅಜ್ಜಿಯ ಸೀರೆಗೆ ಒರೆಸುತ್ತಾಳೆ. ಹೋಟೆಲಿಗೆ ನಡೆಯುವ ದಾರಿಯಲ್ಲಿ ಹೆಂಚಿನ ಮನೆ ಕಂಡರೆ ನಿಲ್ಲಿ. 'ಕೆಂಪು ಮಾಡು ಎಲ್ಲಿದೆ?' ಅಂತ ಕೇಳಿ. ಮಾಡು ಅಂದರೆ ನಮ್ಮಲ್ಲಿ ಮನೆಯ ಸೂರು. ಮಗು ಊರಿಡೀ ಹುಡುಕುತ್ತಾ ಬರುತ್ತದೆ.

ಸುಲ್ತಾನ್ ಬತ್ತೇರಿ ಮಕ್ಕಳಿಗೆ ಸುರಕ್ಷಿತವಾ?

ಎತ್ತಿಕೊಂಡರೆ ಹೌದು, ಬಿಟ್ಟರೆ ಇಲ್ಲ. ಬೋಳೂರಿನಲ್ಲಿ ಗುರುಪುರ ನದಿ ಪಕ್ಕದಲ್ಲಿರುವ ಪುಟ್ಟ ಕಾವಲು ಗೋಪುರ ಅದು, ಇಲ್ಲಿಗೆ ಹೊಳೆಯಲ್ಲಿ ಶತ್ರುಗಳ ಹಡಗು ನುಗ್ಗಬಾರದು ಅಂತ 1784ರಲ್ಲಿ ಟಿಪ್ಪು ಸುಲ್ತಾನ್ ಕರಿಕಲ್ಲಿನಲ್ಲಿ ಕಟ್ಟಿಸಿದ್ದು. ಗೋಡೆಯಲ್ಲಿ ತೋಪು ಇಡುವ ಕಂಡಿಗಳಿವೆ. ಮೇಲೆ ಹತ್ತಲು ಮೆಟ್ಟಿಲು ಇದೆ. ಒಬ್ಬರು ಮಗುವನ್ನು ಹಿಡಿದು ಹತ್ತಿ, ಇನ್ನೊಬ್ಬರು ಹಿಂದೆ ಇರಿ. ಕೋಟೆ ಅಂದ ತಕ್ಷಣ ಚಿತ್ರದುರ್ಗ ನೆನೆಸಿಕೊಳ್ಳಬೇಡಿ, ಇದು ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ. ಚಿಕ್ಕ ಮಗುವಿಗೆ ಅಷ್ಟೇ ಅಳತೆಯ ಕೋಟೆ ಸರಿ.

ನಾಲ್ಕು ಗಂಟೆ ಹೊತ್ತಿಗೆ ಹೋಗಿ. ಕಂಡಿಯ ಹತ್ತಿರ ಮಗುವನ್ನು ಸೊಂಟದಿಂದ ಗಟ್ಟಿಯಾಗಿ ಹಿಡಿದು ಹೊರಗೆ ನೋಡಲು ಬಿಡಿ. ಕಲ್ಲಿನ ಚೌಕಟ್ಟಿನೊಳಗೆ ಹೊಳೆ, ಹೊಳೆಯಲ್ಲಿ ದೋಣಿ, ಆಚೆ ತೆಂಗಿನ ಸಾಲು. ನಾವು ದೊಡ್ಡವರು ಗೋಡೆ ಮೇಲಿಂದ ಎಲ್ಲವನ್ನೂ ಒಟ್ಟಿಗೆ ನೋಡಿಬಿಡುತ್ತೇವೆ. ಮಗುವಿಗೆ ಆ ಒಂದು ಕಂಡಿಯಷ್ಟು ಪ್ರಪಂಚ ಸಾಕು.

ಅಲ್ಲಿಂದ ಕಡಲಿಗೆ ಹೇಗೆ?

ಬತ್ತೇರಿಯ ಪಕ್ಕದಿಂದಲೇ ಕಡವು ದೋಣಿ ಇದೆ. ಹೊಳೆ ದಾಟಿದರೆ ತಣ್ಣೀರುಬಾವಿ. ಒಂದು ಕಡೆ ನದಿ, ಇನ್ನೊಂದು ಕಡೆ ಅರಬ್ಬೀ ಸಮುದ್ರ, ನಡುವೆ ಮರಳಿನ ಪಟ್ಟಿ. ದೋಣಿಯಲ್ಲಿ ಕೆಲವೇ ನಿಮಿಷ. ಲೈಫ್ ಜಾಕೆಟ್ ಕೇಳಿ ಹಾಕಿಸಿಕೊಳ್ಳಿ. ಮಗುವಿನ ಅಳತೆಯದ್ದು ಸಿಗದಿದ್ದರೆ ಅಥವಾ ದೋಣಿ ತುಂಬಿದ್ದರೆ ಹತ್ತಬೇಡಿ, ಮುಂದಿನದ್ದಕ್ಕೆ ಕಾಯಿರಿ, ಇಲ್ಲಾ ಕೂಳೂರು ಸೇತುವೆ ದಾಟಿ ಆಟೋದಲ್ಲಿ ಸುತ್ತಿ ಹೋಗಿ. ಗಾಳಿಮಳೆ ಇದ್ದಾಗ ದೋಣಿಯ ಯೋಚನೆಯೇ ಬೇಡ. ಮಗುವನ್ನು ಹೊಟ್ಟೆಗೆ ಕಟ್ಟಿಕೊಳ್ಳುವ ಕ್ಯಾರಿಯರ್ ಇದ್ದರೆ ದೋಣಿಯಲ್ಲಿ ಅದನ್ನು ಬಿಚ್ಚಿ ಮಡಿಲಲ್ಲಿ ಕೂರಿಸಿಕೊಳ್ಳಿ.

ಪಣಂಬೂರೋ ತಣ್ಣೀರುಬಾವಿಯೋ?

ಪುಟ್ಟ ಮಗು ಇದ್ದರೆ ತಣ್ಣೀರುಬಾವಿ. ಮರಗಳ ನೆರಳಿದೆ, ಟ್ರೀ ಪಾರ್ಕ್ ಇದೆ, ಗದ್ದಲ ಕಡಿಮೆ. ಪಣಂಬೂರಲ್ಲಿ ಜನ, ಸವಾರಿ, ಅಂಗಡಿ ಎಲ್ಲಾ ಜಾಸ್ತಿ, ನವಮಂಗಳೂರು ಬಂದರಿನ ಹಡಗುಗಳು ಕಾಣುವುದು ಅಲ್ಲಿನ ವಿಶೇಷ. ಹಡಗಿನ ಹುಚ್ಚಿರುವ ಮೂರು ವರ್ಷದವರಾದರೆ ಪಣಂಬೂರಿಗೇ ಹೋಗಿ, ಆದರೆ ಭಾನುವಾರ ಸಂಜೆ ಬೇಡ.

ನೀರಿಗೆ ಬಿಡಬಹುದಾ?

ಪಾದ ಮುಳುಗುವಷ್ಟು ಮಾತ್ರ. ನೀವು ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅಲ್ಲ, ಕೈ ಹಿಡಿದೇ ಇರಿ. ನಮ್ಮ ಕಡಲು ನೋಡಲು ಮೆತ್ತಗಿದ್ದರೂ ಅಲೆ ಹಿಂದೆ ಹೋಗುವಾಗ ಕಾಲಡಿಯ ಮರಳನ್ನೇ ಎಳೆದುಕೊಂಡು ಹೋಗುತ್ತದೆ, ದೊಡ್ಡವರೇ ತಡವರಿಸುತ್ತಾರೆ. ಮೊಣಕಾಲು ನೀರಲ್ಲಿ ಬಿದ್ದ ಮಗು ಕೂಗುವುದಿಲ್ಲ, ಸದ್ದೇ ಇರುವುದಿಲ್ಲ. ಆದ್ದರಿಂದ ಫೋಟೋ ತೆಗೆಯುವವರು ಒಬ್ಬರು, ಮಗುವನ್ನು ನೋಡುವವರು ಇನ್ನೊಬ್ಬರು. ಎರಡೂ ಒಬ್ಬರೇ ಮಾಡಬೇಡಿ. ಇದನ್ನು ನಾನು ಎಷ್ಟು ಸಲ ಹೇಳಿದರೂ ನನಗೆ ಸಾಕು ಅನ್ನಿಸುವುದಿಲ್ಲ.

ಮೊದಲ ಸಲ ಕಡಲು ನೋಡುವ ಮಕ್ಕಳು ಹೆದರುವುದೂ ಉಂಟು. ಒತ್ತಾಯ ಮಾಡಬೇಡಿ. ಅಲೆ ಮುಟ್ಟದ ಕಡೆ ಒದ್ದೆ ಮರಳಲ್ಲಿ ಒಂದು ಗುಂಡಿ ತೋಡಿ, ಅದರಲ್ಲಿ ನೀರು ತಾನಾಗಿ ಒಸರುತ್ತದೆ. ನನ್ನ ಮಗಳ ಮೊದಲ ಸಮುದ್ರ ಆ ಗುಂಡಿಯೇ. ಒಂದು ಗಂಟೆ ಆಡಿದಳು. ಏಡಿಯೊಂದು ಅಡ್ಡ ಓಡಿ ಬಿಲ ಸೇರಿತು, ಅದು ಮತ್ತೆ ಬರುತ್ತದೆ ಅಂತ ಕಾಯುತ್ತಾ ಕೂತಳು. ಆಟ ಮುಗಿದ ಮೇಲೆ ಗುಂಡಿ ಮುಚ್ಚಿ, ಇನ್ನೊಂದು ಮಗು ಎಡವಬಾರದು.

ತಳ್ಳುಗಾಡಿ ತರಬೇಕಾ?

ಬೇಡ. ಊರು ಏರುತಗ್ಗು, ಫುಟ್‌ಪಾತ್ ಅಲ್ಲಲ್ಲಿ ಮಾಯ, ಮರಳಲ್ಲಿ ಚಕ್ರ ಹೂತುಹೋಗುತ್ತದೆ. ಕ್ಯಾರಿಯರ್ ತನ್ನಿ, ಇಲ್ಲದಿದ್ದರೆ ಅಜ್ಜಿಯ ಹಳೇ ಹತ್ತಿ ಸೀರೆ. ಸೆಕೆಗೆ ಸೀರೆಯೇ ವಾಸಿ.

ಸಿಟಿ ಬಸ್ಸಲ್ಲಿ ಓಡಾಡಬಹುದಾ?

ಒಂದು ಸಲ ಹತ್ತಿ, ಮಗುವಿಗೆ ಖುಷಿಗೆ. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಹೊರಡುವ ಬಸ್ಸು ಖಾಲಿ ಇರುತ್ತದೆ, ಸೀಟು ಸಿಗುತ್ತದೆ. ಕಂಡಕ್ಟರ್ 'ರೈಟ್ ಪೋಯಿ' (ತುಳುವಿನಲ್ಲಿ ಪೋಯಿ ಅಂದರೆ ಹೋಗೋಣ) ಅಂತ ಕೂಗುವುದನ್ನು ನಿಮ್ಮ ಮಗು ರಾತ್ರಿ ಮಲಗುವವರೆಗೂ ಹೇಳುತ್ತಿರುತ್ತದೆ. ಆದರೆ ಬಸ್ಸುಗಳು ಭಯಂಕರ ವೇಗ, ಮೆಟ್ಟಿಲು ಎತ್ತರ, ಪೂರ್ತಿ ಇಳಿಯುವ ಮೊದಲೇ ಹೊರಡುವ ಆತುರ. ಉಳಿದ ಓಡಾಟಕ್ಕೆ ಆಟೋ.

ಮಗುವಿಗೆ ಏನು ತಿನ್ನಿಸೋದು? ಇಲ್ಲಿನ ಊಟ ಖಾರ ಅಲ್ವಾ?

ಗಸಿ, ಸಾರು ಖಾರ. ಆದರೆ ಖಾರವೇ ಇಲ್ಲದ ತಿಂಡಿ ನಮ್ಮಲ್ಲಿ ಇರುವಷ್ಟು ಬೇರೆ ಕಡೆ ಇಲ್ಲ. ನೀರ್ ದೋಸೆ ಬಾಯಲ್ಲಿಟ್ಟರೆ ಕರಗುತ್ತದೆ, ಕಾಯಿತುರಿ ಬೆಲ್ಲದ ಜೊತೆ ಕೊಡಿ. ಮೂಡೆ, ಪುಂಡಿ, ಸೇಮಿಗೆ ಎಲ್ಲಾ ಹಬೆಯಲ್ಲಿ ಬೆಂದದ್ದು. ಬನ್ಸ್ ಬಾಳೆಹಣ್ಣಿನದ್ದು, ಸಿಹಿ, ಮಗು ಕೈಯಲ್ಲಿ ಹಿಡಿದು ಗಂಟೆಗಟ್ಟಲೆ ಕಚ್ಚುತ್ತದೆ, ಆದರೆ ಕರಿದದ್ದು, ಅರ್ಧ ಸಾಕು. ಹೊಟ್ಟೆ ಸರಿಯಿಲ್ಲದಿದ್ದರೆ ಕುಚಲಕ್ಕಿ ಗಂಜಿ ಕೇಳಿ, ಚೆನ್ನಾಗಿ ಹಿಸುಕಿ ಕೊಡಿ, ಅಗಳು ದಪ್ಪ.

ಮೀನು ತಿನ್ನುವ ಮನೆಯವರಾದರೆ ಬಂಗುಡೆ ಬೇಡ, ಮುಳ್ಳು. ಅಂಜಲ್ ತುಂಡು ಖಾರ ಹಾಕದೆ ಹುರಿದು ಕೊಡಿ ಅಂದರೆ ಕೊಡುತ್ತಾರೆ. ಆದರೂ ನಿಮ್ಮ ಬೆರಳಲ್ಲಿ ಬಿಡಿಸಿ ನೋಡಿಯೇ ತಿನ್ನಿಸಿ. ಗಡ್‌ಬಡ್ ಐಸ್‌ಕ್ರೀಮ್ ತಿನ್ನದೆ ಹೋಗುವವರಿಲ್ಲ, ನಿಜ. ಅದರಲ್ಲಿರುವ ಗೋಡಂಬಿ ಚೂರುಗಳನ್ನು ತೆಗೆದು ಮೆತ್ತನೆಯದ್ದನ್ನು ಮಾತ್ರ ಕೊಡಿ. ಇಡೀ ಗೋಡಂಬಿ, ಕಡಲೆಕಾಯಿ ಈ ವಯಸ್ಸಲ್ಲಿ ಗಂಟಲಿಗೆ ಸಿಕ್ಕಿಕೊಳ್ಳುವ ವಸ್ತುಗಳು.

ಬಾಯಾರಿಕೆಗೆ ಬೊಂಡ. ಇಲ್ಲಿ ಎಳನೀರಿಗೆ ಹಾಗೆ ಹೇಳುತ್ತಾರೆ. ಕಣ್ಣೆದುರೇ ಕೆತ್ತಿಸಿ, ನಿಮ್ಮ ಲೋಟಕ್ಕೆ ಬಗ್ಗಿಸಿ ಕುಡಿಸಿ. ಒಳಗಿನ ಎಳೇ ಗಂಜಿಯನ್ನು ಚಮಚದಲ್ಲಿ ಕೆರೆದು ಕೊಡಿ.

ಸೆಕೆ ಜಾಸ್ತಿಯಾಯಿತು ಅಂತ ಗೊತ್ತಾಗೋದು ಹೇಗೆ?

ಮಗು ಸಪ್ಪಗಾಗುತ್ತದೆ, ಆಟ ಬಿಡುತ್ತದೆ, ತುಟಿ ಒಣಗುತ್ತದೆ, ಡೈಪರ್ ಹಗುರ ಇರುತ್ತದೆ. ಆಗ ತಕ್ಷಣ ನೆರಳು, ಫ್ಯಾನು, ಒದ್ದೆ ಬಟ್ಟೆಯಲ್ಲಿ ಮೈ ಒರೆಸುವುದು, ಗುಟುಕು ಗುಟುಕಾಗಿ ನೀರು. ಎದೆಹಾಲು ಕುಡಿಯುವ ಮಗುವಾದರೆ ಕೇಳಿದಾಗೆಲ್ಲಾ ಕೊಡಿ. ವಾಂತಿ, ಭೇದಿ ಇದ್ದರೆ ಓಆರ್‌ಎಸ್, ಪ್ಯಾಕೆಟ್ ಮೇಲೆ ಬರೆದಷ್ಟೇ ನೀರಿಗೆ. ಆರೇಳು ಗಂಟೆ ಉಚ್ಚೆ ಹೋಗಿಲ್ಲ, ಅತ್ತರೂ ಕಣ್ಣೀರಿಲ್ಲ ಅಂದರೆ ಸುತ್ತಾಟ ಬಿಟ್ಟು ಡಾಕ್ಟರ ಹತ್ತಿರ ಹೋಗಿ. ಮೈ ಸುಡುತ್ತಿದ್ದು ಎಬ್ಬಿಸಿದರೂ ಏಳದಿದ್ದರೆ ಒಂದು ಕ್ಷಣವೂ ಕಾಯಬೇಡಿ.

ಪಿಲಿಕುಳ ಮೃಗಾಲಯಕ್ಕೆ ಹೋಗಬೇಡವಾ? ಹುಲಿ ಇದೆಯಂತೆ.

ಇದೆ, ಚೆನ್ನಾಗಿದೆ, ಆದರೆ ಅದಕ್ಕೆ ಬೇರೆಯೇ ದಿನ ಇಡಿ. ಊರಿಂದ ಸುಮಾರು ಹನ್ನೆರಡು ಕಿಲೋಮೀಟರ್, ಒಳಗೆ ನಡೆಯುವುದು ಜಾಸ್ತಿ. ಸೋಮವಾರ ರಜೆ. ಒಂದು ದಿನದವರಿಗೆ ಕದ್ರಿ ಪಾರ್ಕ್ ಸಾಕು. ಅಲ್ಲಿ ಪುಟಾಣಿ ರೈಲಿದೆ, ಕೆಲವೊಮ್ಮೆ ಓಡುತ್ತದೆ, ಕೆಲವೊಮ್ಮೆ ರಿಪೇರಿಯಲ್ಲಿರುತ್ತದೆ. ಓಡುತ್ತಿದೆ ಅಂತ ಖಾತ್ರಿಯಾದ ಮೇಲೆ ಮಾತ್ರ ಮಗುವಿನ ಮುಂದೆ ರೈಲು ಅನ್ನುವ ಪದ ಆಡಿ.

ಬಂದರಿನ ಧಕ್ಕೆಗೆ ಮೀನು ನೋಡಲು ಹೋಗಬಹುದಾ?

ಮುಂಜಾನೆ ದೋಣಿಗಳು ಬಂದು ಬುಟ್ಟಿಗಟ್ಟಲೆ ಮೀನು ಇಳಿಯುವುದು ನೋಡಲು ಸೊಗಸು. ಆದರೆ ಅದು ದುಡಿಯುವವರ ಜಾಗ. ನೆಲ ಜಾರುತ್ತದೆ, ತಲೆಹೊರೆಯವರು ಓಡುತ್ತಿರುತ್ತಾರೆ. ಮಗು ಕಂಕುಳಲ್ಲೇ ಇರಲಿ, ಅಂಚಿನಲ್ಲಿ ನಿಂತು ಹತ್ತು ನಿಮಿಷ ನೋಡಿ ಬನ್ನಿ. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಆಗ ಅಲ್ಲಿ ಏನೂ ಇರುವುದಿಲ್ಲ.

ಮಳೆಗಾಲದಲ್ಲೇ ಬರಬೇಕಾಗಿ ಬಂದರೆ?

ಕಡಲಿಗೆ ಇಳಿಯುವ ಮಾತೇ ಇಲ್ಲ, ದೂರದಿಂದ ಅಲೆಯ ಸದ್ದು ಕೇಳಿಸಿ ಸಾಕು. ಚಾಪೆಲ್, ಆಮೇಲೆ ಕುದ್ರೋಳಿ ಗೋಕರ್ಣನಾಥ ದೇವಸ್ಥಾನ. ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ್ದು, ವಿಶಾಲ ಅಂಗಳ. ಉಳಿದ ಹೊತ್ತು ಹೆಂಚಿನ ಮಾಡಿರುವ ಯಾವುದಾದರೂ ಜಗಲಿಯಲ್ಲಿ ಕೂತು ನೀರು ಧಾರೆ ಧಾರೆಯಾಗಿ ಇಳಿಯುವುದನ್ನು ತೋರಿಸಿ. ಕೈ ಚಾಚಿ ಹಿಡಿಯಲಿ. ಎರಡು ಜೊತೆ ಬಟ್ಟೆ ಜಾಸ್ತಿ ಇಟ್ಟುಕೊಳ್ಳಿ, ಇಲ್ಲಿ ಒಗೆದದ್ದು ಒಣಗುವುದಿಲ್ಲ.

ಬ್ಯಾಗಲ್ಲಿ ಏನೇನಿರಬೇಕು?

ತೆಳು ಹತ್ತಿ ಬಟ್ಟೆ ಮೂರು ಜೊತೆ, ಟೋಪಿ, ಡೈಪರ್, ಕುದಿಸಿ ಆರಿಸಿದ ನೀರು, ಓಆರ್‌ಎಸ್, ಜ್ವರದ ಔಷಧಿ, ಸೊಳ್ಳೆಗೆ ಹಚ್ಚುವ ಕ್ರೀಮು, ಒಂದು ಹಳೇ ಪಂಚೆ. ಪಂಚೆ ಹಾಸಿದರೆ ಹಾಸಿಗೆ, ಕಟ್ಟಿದರೆ ನೆರಳು, ಹಾಲು ಕುಡಿಸುವಾಗ ಮರೆ. ಊರ ಪೇಟೆಯಲ್ಲಿ ಎಲ್ಲಾ ಸಿಗುತ್ತದೆ, ಬೀಚಿನಲ್ಲಿ ಸಿಗುವುದಿಲ್ಲ.

ಸೂರ್ಯ ಮುಳುಗುವವರೆಗೂ ಇರಬೇಕಾ?

ಮಗು ಖುಷಿಯಲ್ಲಿದ್ದರೆ ಇರಿ. ಚಳಿಗಾಲದಲ್ಲಿ ಆರೂಕಾಲರ ಆಸುಪಾಸು ಮುಳುಗುತ್ತದೆ, ಬೇಸಿಗೆಯಲ್ಲಿ ಆರೂಮುಕ್ಕಾಲರ ಹತ್ತಿರ. ದೋಣಿಯಲ್ಲಿ ಬಂದವರು ಕೊನೆಯ ದೋಣಿ ಎಷ್ಟು ಹೊತ್ತಿಗೆ ಅಂತ ಇಳಿಯುವಾಗಲೇ ಕೇಳಿಕೊಳ್ಳಿ. ಹೊರಡುವ ಮೊದಲು ಬಾಟಲಿಯ ನೀರಲ್ಲಿ ಕಾಲು ತೊಳೆದು, ಬೆರಳ ಸಂದಿಯ ಮರಳು ಒರೆಸಿ, ಒಣ ಬಟ್ಟೆ ಹಾಕಿ. ಆಟೋ ಹತ್ತಿದ ಐದು ನಿಮಿಷಕ್ಕೆ ನಿದ್ದೆ ಹೋಗಿರುತ್ತದೆ, ಆಮೇಲೆ ಬಟ್ಟೆ ಬದಲಿಸಲು ಆಗುವುದಿಲ್ಲ.